ಸತ್ಯಾಂಶ: ತೀರಿಕೊಂಡ ಮಗುವಿನ ಹೆಸರು ಎತ್ತಬಾರದಾ?

ನಮ್ಮ ವಿಜಯಪುರದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಮಗು ತೀರಿಕೊಂಡ ಮನೆಯಲ್ಲಿ ಅದರ ಹೆಸರು ಎತ್ತಬೇಡಿ, ಬಟ್ಟೆಬರೆ ತೆಗೆದುಬಿಡಿ, ತಾಯಿ ಬೇಗ ಮರೆಯುತ್ತಾಳೆ." ತಪ್ಪು. ಮರೆಯೋದಿಲ್ಲ. ಇಂಥ ತಂದೆ-ತಾಯಂದಿರನ್ನು ಮಾತಾಡಿಸಿದ ನರ್ಸಿಂಗ್ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರೋ ಮಾತೇ ಬೇರೆ: ಸುತ್ತಲಿನವರು ಸುಮ್ನಾದರೆ, ಮಗು ಹುಟ್ಟಲೇ ಇಲ್ಲವೇನೋ ಅನ್ನಿಸಿ ಸಂಕಟ ಜಾಸ್ತಿಯಾಗುತ್ತದೆ. ನಂಟು ಕಡಿದುಕೊಳ್ಳಬೇಕಿಲ್ಲ, ಅದು ಬೇರೆ ರೂಪದಲ್ಲಿ ಉಳಿಯುತ್ತದೆ ಅಂತ 1996ರಲ್ಲೇ ಸಾವಿನ ದುಃಖದ ಬಗ್ಗೆ ಸಂಶೋಧನೆ ಮಾಡಿದ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು ಬರೆದಿದ್ದಾರೆ. ನೆನಪಿಗೆ ಇರಲಿ ಅಂತ ಹಲವು ದೇಶಗಳ ಆಸ್ಪತ್ರೆಗಳಲ್ಲಿ ನರ್ಸ್‌ಗಳು, ಹೆತ್ತವರು ಬೇಕು ಅಂದರೆ, ಮಗುವಿನ ಪಾದದ ಅಚ್ಚು ತೆಗೆದುಕೊಡುತ್ತಾರೆ. ಬೇಡ ಅಂದವರಿಗೆ ಒತ್ತಾಯವಿಲ್ಲ. ನಮ್ಮ ಓಣಿಯ ಅಕ್ಕ ಒಬ್ಬರು ಮಗನ ಕುಲಾವಿಯನ್ನು ಇನ್ನೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಅವನ ಹೆಸರು ಹಿಡಿದು ಕೇಳಿದರೆ ಮೊದಲು ಅಳುತ್ತಾರೆ, ಆಮೇಲೆ ಅರ್ಧ ತಾಸು ಅವನ ತುಂಟಾಟವನ್ನೇ ಹೇಳುತ್ತಾರೆ. ಅವರನ್ನು ಕೇಳದೆ ಆ ಟ್ರಂಕು ಯಾರೂ ಖಾಲಿ ಮಾಡಬೇಡಿ.