ಸಂಜೆ ಐದರೊಳಗೆ ಒಂದು ದೇಶ

ಒಂದು ದೇಶ ನೋಡಲು ಎಷ್ಟು ಹೊತ್ತು ಬೇಕು? ಹಿಂದಿನವರಿಗೆ ಬುದ್ಧಿ ಕಮ್ಮಿ, ತಿಂಗಳುಗಟ್ಟಲೆ ಅಲೆಯುತ್ತಿದ್ದರು. ಕೆರಿಬಿಯನ್ ಸಮುದ್ರದ ಕ್ರೂಸ್ ಕಂಪನಿಗಳು ಅದನ್ನು ಎಂಟು ಗಂಟೆಗೆ ಇಳಿಸಿವೆ. ಬೆಳಗ್ಗೆ ಹಡಗು ಧಕ್ಕೆಗೆ ತಾಗುತ್ತದೆ. ನಾಲ್ಕೂವರೆಗೆ ಎಲ್ಲರೂ ವಾಪಸ್ ಹತ್ತಬೇಕು. ಐದಕ್ಕೆ ಹಗ್ಗ ಬಿಚ್ಚಿದರೆ ಆ ದೇಶ ಮುಗಿಯಿತು. ನಾಳೆ ಇನ್ನೊಂದು.

ಈ ಎಂಟು ಗಂಟೆಯಲ್ಲೂ ದೇಶ ಅಪ್ಪಿತಪ್ಪಿ ಕಣ್ಣಿಗೆ ಬಿದ್ದುಬಿಡಬಾರದಲ್ವಾ? ಅದಕ್ಕೆ ಬೇಕಾದ ಏರ್ಪಾಡು ಹಿಂದಿನ ದಿನವೇ ಶುರು. ಹಡಗಿನ ಸಭಾಂಗಣದಲ್ಲಿ ಶಾಪಿಂಗ್ ಬಗ್ಗೆ ಉಪನ್ಯಾಸ ನಡೆಯುತ್ತದೆ. ಕೈಗೊಂದು ನಕ್ಷೆ ಸಿಗುತ್ತದೆ. ಅದರಲ್ಲಿ ಹಳೇ ಕೋಟೆ, ಚರ್ಚು ಇದ್ದರೆ ಇರುತ್ತವೆ, ಇಲ್ಲದಿದ್ದರೆ ಇಲ್ಲ. ಪ್ರಚಾರಕ್ಕೆ ದುಡ್ಡು ಕೊಟ್ಟ ಅಂಗಡಿಗಳು ಮಾತ್ರ ದಪ್ಪ ಅಕ್ಷರದಲ್ಲಿ ಹೊಳೆಯುತ್ತವೆ. ಜೊತೆಗೆ ಬಿಟ್ಟಿ ಲಾಕೆಟ್ಟಿನ ಕೂಪನ್. ಈ ಲಾಕೆಟ್ಟಿಗಾಗಿ ಬಿಸಿಲಲ್ಲಿ ಸಾಲು ನಿಲ್ಲುವವರನ್ನು ನೋಡಬೇಕು. ಅಷ್ಟು ದುಡ್ಡು ಕೊಟ್ಟು ಹಡಗು ಹತ್ತಿದವರೇ ಇವರು.

ಅಂಗಡಿಯೊಳಗೆ ಟಾಂಜನೈಟ್ ಎಂಬ ನೀಲಿ ಹರಳು ಕಾದಿರುತ್ತದೆ. ಮೆಕ್ಸಿಕೋದ ಕೊಜುಮೆಲ್‌ನಲ್ಲೂ ಅದೇ, ಬಹಾಮಾಸ್‌ನ ನಸ್ಸಾವ್‌ನಲ್ಲೂ ಅದೇ, ಸೇಂಟ್ ಥಾಮಸ್‌ನಲ್ಲೂ ಅದೇ. ಇಡೀ ಭೂಮಿಯಲ್ಲಿ ಈ ಹರಳಿನ ಗಣಿ ಇರುವುದು ಒಂದೇ ಕಡೆ. ಅದು ಆಫ್ರಿಕಾದ ಟಾಂಜಾನಿಯಾದಲ್ಲಿ, ಕಿಲಿಮಂಜಾರೋ ಹತ್ತಿರದ ಮೆರೆಲಾನಿ ಬೆಟ್ಟಗಳ ಕೆಲವೇ ಕಿಲೋಮೀಟರ್ ಜಾಗದಲ್ಲಿ. 1967ರಲ್ಲಿ ಮೊದಲ ಸಲ ಅಲ್ಲಿ ಸಿಕ್ಕ ಈ ಕಲ್ಲು ಅಟ್ಲಾಂಟಿಕ್ ದಾಟಿ ಬಂದು ಇಲ್ಲಿ ಕುಳಿತಿದೆ. ಅಮೆರಿಕದ ಮಯಾಮಿಯಿಂದ ಹಡಗು ಹತ್ತಿ ಬಂದವರು ಅದನ್ನು ಕೊಂಡು ‘ಮೆಕ್ಸಿಕೋ ನೆನಪಿಗೆ’ ಎಂದು ಬೆರಳಿಗೆ ಹಾಕಿಕೊಳ್ಳುತ್ತಾರೆ. ಕಲ್ಲು ನೋಡಿದಷ್ಟು ಲೋಕವನ್ನು ಕೊಂಡವರು ನೋಡಿರುವುದಿಲ್ಲ. ನಸ್ಸಾವ್‌ನ ಸಂತೆ ಹುಲ್ಲಿನ ಬುಟ್ಟಿ, ಟೋಪಿಗಳಿಗೆ ಹೆಸರುವಾಸಿ. ಅಲ್ಲೂ ಚೀನಾದ ಮಾಲು ಧಾರಾಳವಾಗಿ ಸಿಗುತ್ತದೆ.

ಬಸ್ ಟೂರಿಗೆ ಹೋಗುವವರ ಎದೆಗೆ ನಂಬರಿನ ಸ್ಟಿಕ್ಕರ್ ಅಂಟಿಸುತ್ತಾರೆ. ಮುಂದೆ ಅದೇ ನಂಬರಿನ ಫಲಕ ಎತ್ತಿ ಹಿಡಿದ ಗೈಡ್. ಅಂದು ನಮ್ಮ ಹೆಸರು ಹದಿನಾಲ್ಕು, ಅಷ್ಟೆ. ಎಡಗಡೆ ಏನೋ ಇದೆ ಎಂದು ಆತ ಹೇಳಿದಾಗ ಬಲಗಡೆ ಕೂತವರ ಫೋನುಗಳೂ ಎಡಕ್ಕೆ ಏಳುತ್ತವೆ. ಫೋಟೋದಲ್ಲಿ ಬರುವುದು ಎಡಗಡೆಯವರ ತಲೆ.

ಇಷ್ಟೆಲ್ಲ ಮಾಡಿದರೂ ಬಂದರಿನಾಚೆ ಊರು ಇರುತ್ತದೆ, ಊರಲ್ಲಿ ಜನ ಇರುತ್ತಾರೆ, ಅದೊಂದು ಕಿರಿಕಿರಿ. ಹಾಗಾಗಿ ಕಂಪನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ದೇಶ ಯಾಕೆ ಬೇಕು, ಸ್ವಂತ ದ್ವೀಪ ಸಾಕು! ಕೇ ಅಂದರೆ ಪುಟ್ಟ ದ್ವೀಪ. ಬಹಾಮಾಸ್‌ನ ಗೋರ್ಡಾ ಕೇ ಈಗ ಡಿಸ್ನಿಯ ಕ್ಯಾಸ್ಟವೇ ಕೇ. ಲಿಟಲ್ ಸ್ಟಿರಪ್ ಕೇ ಈಗ ರಾಯಲ್ ಕೆರಿಬಿಯನ್‌ನ ಕೊಕೊಕೇ. ಆ ಕಂಪನಿಯ ಐಕಾನ್ ಆಫ್ ದಿ ಸೀಸ್ ಹಡಗು 2024ರಲ್ಲಿ ಓಡಾಟ ಶುರು ಮಾಡಿತು. ಹಡಗು ಭರ್ತಿಯಾದರೆ 7,600 ಪ್ರಯಾಣಿಕರು. ಅವರು ಸಮುದ್ರದ ಮೇಲಿನ ಹಡಗಿನ ಈಜುಕೊಳದಿಂದ ಎದ್ದು, ಸಮುದ್ರದ ನಡುವಿನ ದ್ವೀಪಕ್ಕೆ ಇಳಿದು, ಅಲ್ಲಿನ ಈಜುಕೊಳಕ್ಕೆ ಧುಮುಕುತ್ತಾರೆ. ಸಮುದ್ರ ಸುಮ್ನೆ ಪಕ್ಕದಲ್ಲಿ ಬಿದ್ದಿರುತ್ತದೆ.

ಇದರಲ್ಲಿ ಕಾನೂನಿನ ತಮಾಷೆಯೂ ಇದೆ. ಅಮೆರಿಕದಲ್ಲಿ 1886ರ ಒಂದು ಕಾಯ್ದೆ ಇದೆ. ಅದರ ಲೆಕ್ಕದಲ್ಲಿ, ವಿದೇಶಿ ಬಾವುಟದ ಹಡಗು ಅಲ್ಲಿಂದ ಪ್ರವಾಸಿಗಳನ್ನು ಹತ್ತಿಸಿಕೊಂಡು ಮತ್ತೆ ಅಲ್ಲೇ ತಂದಿಳಿಸಬೇಕಾದರೆ ನಡುವೆ ಒಂದು ಪರದೇಶದ ಬಂದರನ್ನಾದರೂ ಮುಟ್ಟಬೇಕು. ಐಕಾನ್ ನೋಂದಣಿಯಾಗಿರುವುದು ಬಹಾಮಾಸ್‌ನಲ್ಲಿ. ಅದು ಹೋಗುವ ಕಡೆಗಳಲ್ಲಿ ಒಂದು ಬಹಾಮಾಸ್‌ನಲ್ಲಿರುವ ಕಂಪನಿಯದೇ ದ್ವೀಪ. ಅಂದರೆ ಹಡಗು ತನ್ನ ಬಾವುಟದ ದೇಶಕ್ಕೆ ಹೋಗಿ, ಕಂಪನಿಯ ಅಂಗಳದಲ್ಲೇ ನಿಂತು ಬಂದರೆ ವಿದೇಶ ಪ್ರವಾಸ ಆಯಿತು. ಕಾಯ್ದೆಗೂ ತೃಪ್ತಿ, ಕಂಪನಿಗೂ ತೃಪ್ತಿ.

ಆದರೆ ಈ ಕಲೆಯ ಶಿಖರ ಹೈಟಿಯ ಲಬಾಡಿ. ಅದು ಉತ್ತರ ಕರಾವಳಿಯ ಒಂದು ಭೂಶಿರ. ಅದನ್ನು ಅದೇ ರಾಯಲ್ ಕೆರಿಬಿಯನ್ 1986ರಿಂದ ಗುತ್ತಿಗೆಗೆ ಹಿಡಿದಿದೆ. ಸುತ್ತ ಬೇಲಿ, ಬೇಲಿಗೆ ಕಾವಲು. ಎಷ್ಟೋ ವರ್ಷ ಪ್ರಚಾರದಲ್ಲಿ ಹೈಟಿ ಎಂಬ ಹೆಸರನ್ನು ಬದಿಗಿಟ್ಟು, ಇಡೀ ದ್ವೀಪದ ಹೆಸರಾದ ಹಿಸ್ಪಾನಿಯೋಲಾ ಎನ್ನುತ್ತಿದ್ದರು. ಬಡ ದೇಶದ ಹೆಸರು ಕೇಳಿದರೆ ಬಿಸಿಲು ಕಾಯಿಸುವ ಖುಷಿ ಕೆಡುತ್ತದೆ, ನೋಡಿ. 2010ರ ಜನವರಿ 12ರಂದು ಭೂಕಂಪ ಆಗಿ ಹೈಟಿಯ ರಾಜಧಾನಿ ನೆಲಸಮವಾಯಿತು. ಮೂರೇ ದಿನಕ್ಕೆ ಲಬಾಡಿಯಲ್ಲಿ ಹಡಗು ಬಂದು ನಿಂತಿತು. ಪರಿಹಾರದ ಸಾಮಗ್ರಿ ಇಳಿಸಿದರು, ಅದನ್ನೂ ಹೇಳಬೇಕು. ಸಾಮಗ್ರಿಯ ಹಿಂದೆಯೇ ಈಜುಡುಗೆಯವರೂ ಇಳಿದರು. ಅಲ್ಲಿ ನನಗೆ ನಗು ಬರುವುದಿಲ್ಲ.

ಮತ್ತೆ ಕೊಜುಮೆಲ್‌ಗೆ ಬನ್ನಿ, ನಾಲ್ಕೂವರೆ ಹತ್ತಿರ ಬಂತು. ಯಾವ ನಾಲ್ಕೂವರೆ ಅನ್ನುವುದೇ ಪ್ರಶ್ನೆ. ದೇಶಕ್ಕೊಂದು ಗಡಿಯಾರ ಇದ್ದರೆ ಹಡಗಿಗೆ ಇನ್ನೊಂದು. ಬೇಸಿಗೆಯಲ್ಲಿ ಮಯಾಮಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಕೊಜುಮೆಲ್‌ನದು ಹೋಗುವುದಿಲ್ಲ. ಮಯಾಮಿ ಗಡಿಯಾರವನ್ನೇ ನಂಬಿದ ಹಡಗಿನಲ್ಲಿ ನಾಲ್ಕೂವರೆಯಾದಾಗ ದಡದಲ್ಲಿರುವ ನಿಮ್ಮ ಫೋನು ಮೂರೂವರೆ ತೋರಿಸುತ್ತದೆ. ಇನ್ನೂ ಒಂದು ಗಂಟೆ ಇದೆ ಎಂದು ಆರಾಮಾಗಿ ಇನ್ನೊಂದು ಬಿಯರ್ ತರಿಸಿದವರ ಕಥೆ ಧಕ್ಕೆಯ ಮೇಲೆ ಮುಗಿಯುತ್ತದೆ.

ಆ ಓಟಕ್ಕೆ ಪ್ರೇಕ್ಷಕರೂ ಇದ್ದಾರೆ. ಮೇಲಿನ ಡೆಕ್ಕಿನಲ್ಲಿ ಗ್ಲಾಸು ಹಿಡಿದು, ಫೋನು ಚಾಚಿ ಸಾಲಾಗಿ ನಿಂತಿರುತ್ತಾರೆ. ಕೆಳಗೆ ಒಬ್ಬಾತ ಒಂದು ಕೈಲಿ ಚಪ್ಪಲಿ, ಇನ್ನೊಂದು ಕೈಲಿ ದೊಡ್ಡ ಮೆಕ್ಸಿಕನ್ ಟೋಪಿ ಹಿಡಿದು ಓಡುತ್ತಿರುತ್ತಾನೆ. ಟೋಪಿಗೆ ಗಾಳಿ ತುಂಬಿ ಹಿಂದಕ್ಕೆಳೆಯುತ್ತದೆ. ಆದರೂ ಬಿಡುವುದಿಲ್ಲ. ಮೇಲಿಂದ ಚಪ್ಪಾಳೆ, ಶಿಳ್ಳೆ. ಇಡೀ ದಿನದಲ್ಲಿ ಡೆಕ್ಕಿನವರು ಮನಸಿಟ್ಟು ನೋಡಿದ ಸ್ಥಳೀಯ ದೃಶ್ಯ ಇದೊಂದೇ ಇರಬೇಕು.

ಕಂಪನಿಯದೇ ಟೂರ್ ತಡವಾದರೆ ಹಡಗು ಕಾಯುತ್ತದೆ. ತಾನಾಗಿ ಊರೊಳಗೆ ಹೋದವನಿಗೆ ಆ ಭಾಗ್ಯ ಇಲ್ಲ. ಅವನಿಗೊಂದು ಉಪಕಾರ ಮಾತ್ರ ಮಾಡುತ್ತಾರೆ. ರೂಮಿನ ಲಾಕರಿನಿಂದ ಅವನ ಪಾಸ್‌ಪೋರ್ಟ್ ಹುಡುಕಿ ತೆಗೆದು, ಬಂದರಿನ ಏಜೆಂಟನಿಗೆ ಒಪ್ಪಿಸಿ ಹೊರಡುತ್ತಾರೆ. ಹಡಗು ಹತ್ತಿದಂದಿನಿಂದ ಆ ಪಾಸ್‌ಪೋರ್ಟ್ ಪರದೇಶದ ನೆಲಕ್ಕೆ ಇಳಿದದ್ದು ಆಗಲೇ.