ಶ್ರೀರಂಗಪಟ್ಟಣದ ಗದ್ದೆ ಬಯಲು: ನಾಟಿ ಬಿಟ್ಟು ಕೂರಿಗೆ ಹಿಡಿಯಬೇಕೇ?

ಪರ

ನಾಲೆಗೆ ನೀರು ಯಾವತ್ತು ಬಿಡುತ್ತಾರೆ ಎನ್ನುವುದು ರೈತನ ಕೈಲಿಲ್ಲ. 2023ರಲ್ಲಿ ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) ತನ್ನ ಪೂರ್ಣಮಟ್ಟ 124.80 ಅಡಿ ಮುಟ್ಟಲೇ ಇಲ್ಲ. ನೀರು ಬಂದೀತೆಂದು ಒಟ್ಲು (ಸಸಿಮಡಿ) ಬಿಟ್ಟುಕೊಂಡು ಕೂತರೆ, 25 ದಿನಕ್ಕೆ ಕೀಳಬೇಕಾದ ಪೈರು 40 ದಿನಕ್ಕೆ ಬಲಿತು ಗೆಣ್ಣು ಕಟ್ಟುತ್ತದೆ. ಅದನ್ನು ನೆಟ್ಟರೆ ತೆಂಡೆ (ಬುಡದಿಂದ ಬರುವ ಮರಿಪೈರು) ಸರಿಯಾಗಿ ಒಡೆಯುವುದಿಲ್ಲ.

ನಾಟಿಯಿಲ್ಲದೆ ಬೀಜವನ್ನೇ ಕೂರಿಗೆಯಿಂದ ಸಾಲಾಗಿ ಬಿತ್ತುವ ಕೂರಿಗೆ ಭತ್ತಕ್ಕೆ ನಾಲೆಯ ದಾರಿ ಕಾಯುವ ಗೊಡವೆಯಿಲ್ಲ. ಜೂನ್ ಮಳೆಗೆ ಉತ್ತು, ಹೆಂಟೆ ಒಡೆದು, ಹದ ನೋಡಿ ಬಿತ್ತಬಹುದು. ಸಾಲಿನಿಂದ ಸಾಲಿಗೆ 25 ಸೆಂ.ಮೀ. ಇರಲಿ. ಆಳ 3 ಸೆಂ.ಮೀ. ಮೀರಬಾರದು, ಮೀರಿದರೆ ಮೊಳಕೆ ಮೇಲೇಳದೆ ಕಮರುತ್ತದೆ. ನಾಟಿಗೆ ಎಕರೆಗೆ 25 ಕೆ.ಜಿ. ಬೀಜ ಬೇಕಾದಲ್ಲಿ ಇಲ್ಲಿ 8ರಿಂದ 10 ಕೆ.ಜಿ. ಸಾಕು. ಕೆಸರು ಮಾಡುವ ನೀರು, ಪೈರು ಕೀಳುವ ಆಳು, ನಾಟಿ ಹಾಕುವ ಆಳು, ಮೂರೂ ಉಳಿತಾಯ. ನಾಲೆ ಹರಿಯುವ ಹೊತ್ತಿಗೆ ಬೆಳೆ ಬೇರೂರಿರುತ್ತದೆ. ಆಮೇಲೂ ನೀರು ನಿಲ್ಲಿಸಬೇಕಿಲ್ಲ, ಸಣ್ಣ ಬಿರುಕು ಕಾಣುವ ಮೊದಲು ಹಾಯಿಸಿದರಾಯಿತು. ತೆನೆ ಬಂದು ಹೂವಾಡುವಾಗ ಮಾತ್ರ ತೇವ ಆರಗೊಡಬಾರದು. ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಡುವ ವರ್ಷಕ್ಕೆ ಹೊಂದುವುದು ಇದೇ.

ಕಳೆ ತಲೆನೋವೇ, ನಿಜ. ಬಿತ್ತಿದ ಮೂರು ದಿನದೊಳಗೆ ಎಕರೆಗೆ 1.3 ಲೀಟರ್ ಪೆಂಡಿಮೆಥಾಲಿನ್ ಕಳೆನಾಶಕ (30 ಇ.ಸಿ., ಅಂದರೆ ನೂರಕ್ಕೆ 30 ಪಾಲು ಮದ್ದಿರುವ ದ್ರಾವಣ) ಸಿಂಪಡಿಸಬೇಕು. ಒಣಮಣ್ಣಿಗೆ ಹೊಡೆದರೆ ದುಡ್ಡು ದಂಡ. 20ನೇ ದಿನದ ಸುಮಾರಿಗೆ ಸಾಲಿನ ನಡುವೆ ಎಡೆಕುಂಟೆ ಹೊಡೆದರೆ ಉಳಿದದ್ದೂ ಹತೋಟಿಗೆ ಬರುತ್ತದೆ.

ವಿರೋಧ

ಇದೆಲ್ಲ ನಾಲೆಯ ಕೊನೆಭಾಗದ ಕೆಂಪು ನೆಲಕ್ಕೆ ಒಪ್ಪುವ ಮಾತು. ಶ್ರೀರಂಗಪಟ್ಟಣದ ಬಯಲೇ ಬೇರೆ. ಚಿಕ್ಕದೇವರಾಯ ಸಾಗರ, ವಿರಿಜಾ, ಬಂಗಾರದೊಡ್ಡಿ ನಾಲೆಗಳು ಕನ್ನಂಬಾಡಿಗಿಂತ ಹಳೆಯವು. ಬಂಗಾರದೊಡ್ಡಿಯಂತೂ ಹೊಳೆಯನ್ನೇ ಮೇಲ್ಗಾಲುವೆಯಲ್ಲಿ ದಾಟಿ ಪಟ್ಟಣದ ದ್ವೀಪಕ್ಕೆ ಬರುತ್ತದೆ. ಇವುಗಳ ಕೆಳಗಿನ ತಗ್ಗು ಗದ್ದೆಗಳಲ್ಲಿ ಕೊರತೆ ನೀರಿನದಲ್ಲ, ಬಸಿಯುವುದರದು. ಜೌಗು ನೆಲದಲ್ಲಿ ಕೂರಿಗೆಯ ತಾಳಿಗೆ (ನೆಲ ಸೀಳುವ ಕಾಲಿಗೆ) ಮಣ್ಣು ಮೆತ್ತಿ ಬೀಜದ ಕಂಡಿ ಕಟ್ಟಿಕೊಳ್ಳುತ್ತದೆ. ಬಿದ್ದ ಬೀಜವೂ ಒಂದು ದೊಡ್ಡ ಮಳೆಗೆ ಗಾಳಿ ಸಿಗದೆ ಕೊಳೆಯುತ್ತದೆ.

ಕಳೆಯನ್ನು ಅದುಮಿಡುವುದೇ ಗದ್ದೆಯಲ್ಲಿ ನಿಂತ ನೀರು. ನಾಟಿ ಪೈರು ಕಳೆಗಿಂತ 25 ದಿನ ಮುಂದಿರುತ್ತದೆ. ಕೂರಿಗೆಯಲ್ಲಿ ಎರಡೂ ಒಟ್ಟಿಗೇ ಹುಟ್ಟುತ್ತವೆ. ಪೆಂಡಿಮೆಥಾಲಿನ್ ಕಸುವು ಕೆಲವೇ ವಾರ. ಆಮೇಲೆ ಎಕರೆಗೆ 100 ಮಿ.ಲೀ. ಬಿಸ್ಪೈರಿಬ್ಯಾಕ್ ಸೋಡಿಯಂ ಎಂಬ ಇನ್ನೊಂದು ಕಳೆನಾಶಕ ಹೊಡೆಯಬೇಕು. ಅದಕ್ಕೂ ಕಾಡುಭತ್ತ ಜಗ್ಗುವುದಿಲ್ಲ, ಅದೂ ಭತ್ತವೇ ತಾನೆ! ಕೈಕಳೆಗೆ ಆಳು ಕರೆದರೆ ನಾಟಿಯಲ್ಲಿ ಉಳಿಸಿದ ಕೂಲಿ ಅಲ್ಲಿಗೆ ಹೋಯಿತು.

ಇನ್ನೊಂದು ಕಾಟ ಕಬ್ಬಿಣದ ಕೊರತೆ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಸಲೀಸಾಗಿ ದಕ್ಕುವ ಕಬ್ಬಿಣ ಆರಿದ ಮಣ್ಣಿನಲ್ಲಿ ದಕ್ಕದೆ ಎಳೆಯ ಎಲೆ ಬಿಳಿಚಿಕೊಳ್ಳುತ್ತದೆ. ಅದಕ್ಕೆ ಯೂರಿಯಾ ಎರಚಿ ಕೂರುವವರೇ ಹೆಚ್ಚು. ಕೊಡಬೇಕಾದ್ದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಜೊತೆಗೆ 2.5 ಗ್ರಾಂ ಸುಣ್ಣದ ತಿಳಿ.

ನೀರು ಉಳಿಸಲು ನಾಟಿಯನ್ನೇ ಬಿಡಬೇಕಿಲ್ಲ. ತೂತು ಕೊರೆದ 30 ಸೆಂ.ಮೀ. ಪೈಪನ್ನು ಗದ್ದೆಯಲ್ಲಿ ಅರ್ಧಕ್ಕಿಂತ ಕೊಂಚ ಹೆಚ್ಚು ಹೂತು, ಒಳಗಿನ ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ಗದ್ದೆಗೆ ನೀರಿನ ಮಡೆ ತಿರುಗಿಸಿದರೆ ಸಾಕು. ನಾಟಿಯಾದ ಮೊದಲೆರಡು ವಾರ, ಮತ್ತೆ ಹೂವಾಡುವಾಗ, ಎರಡಂಗುಲ ನೀರು ನಿಂತೇ ಇರಲಿ.