ಕೊನೆಯಲ್ಲಿ ಸಮಯವಿದ್ದರೆ ನಾಟಕ

ಮತ್ತೆ ಬಂತು ನೋಡಿ ಕಾಲೇಜಿನ ಆಹ್ವಾನ ಪತ್ರಿಕೆ. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು, ಮುಖ್ಯ ಅತಿಥಿಗಳು, ಬರೀ ಅತಿಥಿಗಳು. ಇವರೆಲ್ಲರ ಪಾದದ ಬುಡದಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನ ಹೆಸರು ಹಾಕುವ ಅಳತೆಯ ಅಕ್ಷರದಲ್ಲಿ ಒಂದು ಸಾಲು: ‘ನಂತರ ವಿದ್ಯಾರ್ಥಿಗಳಿಂದ ನಾಟಕ’. ಯಾವ ನಾಟಕ, ಬರೆದವರು ಯಾರು, ಆಡಿಸುವವರು ಯಾರು? ಅದನ್ನೆಲ್ಲ ಕೇಳಬಾರದು. ‘ನಂತರ ಲಘು ಉಪಾಹಾರ’ ಎಂದಾಗ ಉಪ್ಪಿಟ್ಟೋ ಚಿತ್ರಾನ್ನವೋ ಎಂದು ಕೇಳುತ್ತೀರಾ?

ಶಿವಮೊಗ್ಗ ಜಿಲ್ಲೆಯವರಿಗೆ ನಾಟಕದ ಪಾಠ ಯಾರೂ ಹೇಳಬೇಕಾಗಿಲ್ಲ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ, ಅಡಿಕೆ ತೋಟದ ನಡುವೆ, 1949ರಲ್ಲೇ ನೀನಾಸಮ್ ಎಂಬ ನಾಟಕ ಸಂಸ್ಥೆ ಹುಟ್ಟಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಿಂದ ಊರೂರಿಗೆ ನಾಟಕ ಒಯ್ಯುವ ತಿರುಗಾಟ. ಶಿವಮೊಗ್ಗದಲ್ಲಿ ರಂಗಾಯಣವಿದೆ, ಕುವೆಂಪು ರಂಗಮಂದಿರವಿದೆ. ಮುಖ್ಯ ಅತಿಥಿಗಳ ಭಾಷಣದಲ್ಲಿ ಇದಿಷ್ಟೂ ತಪ್ಪದೆ ಬರುತ್ತದೆ, ನಲವತ್ತು ನಿಮಿಷ ಬರುತ್ತದೆ. ಆ ನಲವತ್ತು ನಿಮಿಷ ಯಾರ ಖಾತೆಯಿಂದ ಹೋಯಿತು ಅನ್ನುವುದು ಬಣ್ಣ ಹಚ್ಚಿಕೊಂಡು ಪಕ್ಕದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬೆವರುತ್ತಿರುವ ಹುಡುಗರಿಗೆ ಗೊತ್ತು.

ದೀಪ ಬೆಳಗುವುದನ್ನೇ ತಗೊಳ್ಳಿ. ಬತ್ತಿ ಐದು, ಬೆಳಗುವವರು ಒಂಬತ್ತು. ಹಾಗಾಗಿ ನಾಲ್ವರು ಬೆಳಗಿದ್ದನ್ನೇ ಮತ್ತೆ ಬೆಳಗುತ್ತಾರೆ. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಎರಡು ಆರಿರುತ್ತವೆ. ‘ಫ್ಯಾನ್ ಆಫ್ ಮಾಡ್ರೋ’ ಎಂದು ಕೂಗು. ಯಾವ ಸ್ವಿಚ್ಚು ಎಂದು ತಿಳಿದಿರುವುದು ಅಟೆಂಡರ್ ಒಬ್ಬರಿಗೆ, ಅವರು ಟೀ ತರಲು ಹೋಗಿದ್ದಾರೆ. ಬತ್ತಿ ಹತ್ತಲಿಲ್ಲವೆಂದು ಇನ್ನಷ್ಟು ಎಣ್ಣೆ ಸುರಿದು, ತಟ್ಟೆ ತುಂಬಿ ನೆಲಕ್ಕಿಳಿಯುತ್ತದೆ. ನೆಲ ಯಾವುದು? ಫಳಫಳ ಹೊಳೆಯುವ ವಿಟ್ರಿಫೈಡ್ ಟೈಲ್ಸು. ರಂಗಕ್ಕೆ ಹಾಕಬೇಕಾದದ್ದು ಮರದ ಹಲಗೆ. ಅದು ಹೆಜ್ಜೆ ಹಿಡಿಯುತ್ತದೆ, ಮೊಳೆ ಹೊಡೆದು ಸೆಟ್ ನಿಲ್ಲಿಸಲು ಬಿಡುತ್ತದೆ, ಬಿದ್ದ ಬೆಳಕನ್ನು ಪ್ರೇಕ್ಷಕರ ಕಣ್ಣಿಗೆ ವಾಪಸ್ ಎಸೆಯುವುದಿಲ್ಲ. ಆದರೆ ಗುತ್ತಿಗೆದಾರರ ಬಳಿ ಪ್ರಿನ್ಸಿಪಾಲರ ಚೇಂಬರಿಗೆ ತಂದ ಟೈಲ್ಸು ಉಳಿದಿತ್ತಲ್ಲ! ಅದರ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಪುಷ್ಪಾರ್ಚನೆಯ ಸೇವಂತಿಗೆ ಎಸಳು. ಬರಿಗಾಲಿನಲ್ಲಿ ಸೇನಾಪತಿ ಬಂದ, ಬಿದ್ದ. ಯುದ್ಧ ಮುಗಿಯಿತು. ಇಂಥ ನೆಲಕ್ಕೆ ಒದ್ದೆ ಬಟ್ಟೆ ಹಾಕಿ ಎಳೆದರೆ ಎಣ್ಣೆ ಹರಡಿ ಜಾರುವ ಜಾಗ ದೊಡ್ಡದಾಗುತ್ತದೆ ಅಷ್ಟೇ. ಮರದ ಹೊಟ್ಟು ಉದುರಿಸಿ ಐದು ನಿಮಿಷ ಬಿಟ್ಟು ಗುಡಿಸಬೇಕು. ಮಲೆನಾಡಿನಲ್ಲಿ ಸಾಮಿಲ್ಲಿನ ಹೊಟ್ಟಿಗೆ ಬರವೇ? ಆದರೆ ಹೊಟ್ಟಿಗೆ ಕೊಟೇಶನ್ ಕರೆಯಬೇಕು.

ಎಣ್ಣೆಯನ್ನಾದರೂ ಒರೆಸಬಹುದು, ಬ್ಯಾನರನ್ನು ಮುಟ್ಟುವಂತಿಲ್ಲ. ರಂಗದ ಹಿಂದೆ ಸೈಕ್ಲೋರಾಮಾ ಎಂಬ ಬೋಳು ಪರದೆ ಇರಬೇಕು. ಅದಕ್ಕೆ ನೀಲಿ ಬೆಳಕು ಹಾಕಿದರೆ ರಾತ್ರಿ, ಕೇಸರಿ ಹಾಕಿದರೆ ಸಂಜೆ. ನಮ್ಮಲ್ಲಿ ಅಲ್ಲಿ ಫ್ಲೆಕ್ಸ್ ಬಿಗಿದಿರುತ್ತದೆ. ಬಿಚ್ಚಬಾರದು, ಯಾಕೆಂದರೆ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲಿಗೆ ಫೋಟೋ ಬೇಕು. ಬರೀ ಫೋಟೋ ಅಲ್ಲ, ಮೂಲೆಯಲ್ಲಿ ಅಕ್ಷಾಂಶ ರೇಖಾಂಶ ಮೂಡಿದ ಜಿಯೋಟ್ಯಾಗ್ ಫೋಟೋ. ಅದರಲ್ಲಿ ಬ್ಯಾನರ್ ಕಾಣದಿದ್ದರೆ ನಾಟಕ ನಡೆದೇ ಇಲ್ಲ. ಹಾಗಾಗಿ ಹಸ್ತಿನಾವತಿಯ ದ್ಯೂತಸಭೆ ‘ಐಕ್ಯೂಎಸಿ ಸಹಯೋಗದಲ್ಲಿ’, ಅಂದರೆ ಕಾಲೇಜಿನ ಆಂತರಿಕ ಗುಣಮಟ್ಟ ಕೋಶದ ಸಹಯೋಗದಲ್ಲಿ, ನಡೆಯುತ್ತದೆ. ರಾಜ್ಯ ಕಳೆದುಕೊಂಡು ಕಾಡಿಗೆ ಹೊರಟ ಧರ್ಮರಾಯನ ನೆತ್ತಿಯ ಮೇಲೆ ‘ಸರ್ವರಿಗೂ ಆದರದ ಸ್ವಾಗತ’.

ಕೈಯಲ್ಲಿ ನಾಲ್ಕು ಕಾಸಿರುವ ಕಾಲೇಜಾದರೆ ಫ್ಲೆಕ್ಸಿನ ಜಾಗಕ್ಕೆ ಎಲ್‌ಇಡಿ ಗೋಡೆ ಬಂದಿದೆ. ಕಾಡು ಬೇಕೆಂದರೆ ಕಾಡು, ಜಲಪಾತ ಬೇಕೆಂದರೆ ಜೋಗ. ನಟ ಮಾತ್ರ ಬೇಕೆಂದರೂ ಕಾಣುವುದಿಲ್ಲ. ಕಿಟಕಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದವರಿಗೆಲ್ಲ ಕಾರಣ ಗೊತ್ತು. ಸ್ವಲ್ಪ ಬ್ರೈಟ್‌ನೆಸ್ ಇಳಿಸಿ ಎಂದರೆ ಆಪರೇಟರಿಗೆ ಬೇಜಾರು: ‘ಫುಲ್ ಕೊಟ್ಟಿದೀವಲ್ಲ ಸಾರ್!’

ಸರಿ, ಮುಂದಿನಿಂದ ಬೆಳಕು ಹಾಕೋಣ ಎಂದುಕೊಳ್ಳಿ. ಮುಖ ಕಾಣಲು ಎಡಕ್ಕೊಂದು ಬಲಕ್ಕೊಂದು, 45 ಡಿಗ್ರಿ ಮೇಲಿನಿಂದ. ಇಡೀ ರಂಗಕ್ಕೆ ಏನಿಲ್ಲವೆಂದರೂ ಆರು ಲೈಟು ಬೇಕು. 1000 ವಾಟಿನ ಒಂದು ಲೈಟು 230 ವೋಲ್ಟಿನಲ್ಲಿ ನಾಲ್ಕು ಆಂಪಿಯರ್ ಚಿಲ್ಲರೆ ಎಳೆಯುತ್ತದೆ. 15 ಆಂಪಿಯರ್ ಸಾಕೆಟ್ಟಿಗೆ ಮೂರೇ ಮಿತಿ. ವೇದಿಕೆಗಿರುವುದು ಅಂಥ ಒಂದೇ ಸಾಕೆಟ್ಟು, ಅದರಲ್ಲಿ ಆಗಲೇ ಅತಿಥಿಗಳ ಕಾಫಿ ಬಿಸಿಯಾಗುತ್ತಿದೆ. ಆಗ ಯಾರೋ ಒಬ್ಬ ಹುಡುಗ, ಸೆಕೆಂಡ್ ಸೆಮ್ಮಿನವನು, ವೈರಿನ ತುದಿ ಸುಲಿದು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸುತ್ತಾನೆ. ಹೊರಗೆ ಮಳೆ, ಮಾಡಿನ ಶೀಟು ಸೋರುತ್ತಿದೆ, ಅವನ ಕಾಲಿಗೆ ಚಪ್ಪಲಿಯೂ ಇಲ್ಲ.

ಇಲ್ಲಿ ನಗು ಬರುವುದಿಲ್ಲ. ಹಾರ, ಶಾಲು, ಪೇಟ, ಸ್ಮರಣಿಕೆಗೆ ದುಡ್ಡಿದೆ. ಒಬ್ಬ ಎಲೆಕ್ಟ್ರಿಷಿಯನ್‌ನ ಒಂದು ದಿನದ ಕೂಲಿಗೆ, ಸರಿಯಾದ ಅರ್ತಿಂಗಿಗೆ, ನಾಲ್ಕು ಪ್ಲಗ್ಗಿಗೆ ದುಡ್ಡಿಲ್ಲ. ಆ ಹುಡುಗನಿಗೆ ಏನಾದರೂ ಆದರೆ ‘ವಿದ್ಯಾರ್ಥಿಗಳ ಅಜಾಗರೂಕತೆ’ ಎಂದು ಬರೆಯಲು ಮಾತ್ರ ಲೆಟರ್‌ಹೆಡ್ ಸಿದ್ಧವಿದೆ.

ಇರಲಿ. ತಾಲೀಮಿನ ಲೆಕ್ಕಕ್ಕೆ ಬರೋಣ. ಹೊಸಬರ ತಂಡವಾದರೆ ಒಂದು ನಿಮಿಷದ ನಾಟಕಕ್ಕೆ ಒಂದು ಗಂಟೆ ತಾಲೀಮು, ಇದು ಜಿಪುಣತನದ ಲೆಕ್ಕ. ಅರ್ಧ ಗಂಟೆಯ ಏಕಾಂಕಕ್ಕೆ ಮೂವತ್ತು ಗಂಟೆ ಬೇಕು. ಕ್ಲಾಸು ಬಿಡುವುದು ನಾಲ್ಕಕ್ಕೆ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಗೆ ಬಸ್ಸು ಐದೂವರೆಗೆ. ಸಭಾಂಗಣದ ಬೀಗದ ಕೈ ಹುಡುಕುವುದಕ್ಕೇ ಇಪ್ಪತ್ತು ನಿಮಿಷ ಬೇಕು. ಅಂದರೆ ಪೂರ್ತಿ ಒಂದು ತಿಂಗಳು, ನಡುವೆ ಇಂಟರ್ನಲ್ಸು. ಗ್ರ್ಯಾಂಡ್ ರಿಹರ್ಸಲ್ ದಿನ ಅದೇ ಸಭಾಂಗಣದಲ್ಲಿ ಬ್ಲಡ್ ಕ್ಯಾಂಪು. ಇಷ್ಟೆಲ್ಲ ದಾಟಿ ರಂಗದ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿ ನಿಂತರೆ ರಾತ್ರಿ ಎಂಟಕ್ಕೆ ಅಪ್ಪಣೆ ಬರುತ್ತದೆ: ‘ಲೇಟಾಗಿದೆ, ಹದಿನೈದು ನಿಮಿಷದಲ್ಲಿ ಮುಗಿಸ್ಬಿಡಿ’. ಅರ್ಧ ಮಾಡಲು ಅದೇನು ಬೆಣ್ಣೆ ಬಿಸ್ಕತ್ತೇ? ಸ್ವಾಗತ ಭಾಷಣವನ್ನು ಹಾಗೆ ಮುರಿದು ನೋಡಿ, ಸ್ಟಾಫ್ ರೂಮಿನಲ್ಲಿ ಒಂದು ವರ್ಷ ಮಾತು ಬಿಟ್ಟುಹೋಗುತ್ತದೆ.

ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಏಕಾಂಕಕ್ಕೆ ಒಂದು ಸುಂದರ ನಿಯಮವಿದೆ. ಆಟಕ್ಕೆ 30 ನಿಮಿಷ, ಸೆಟ್ ಜೋಡಿಸಿ ತೆಗೆಯಲು 10 ನಿಮಿಷ, ಖಾಲಿ ರಂಗದಿಂದ ಖಾಲಿ ರಂಗದವರೆಗೆ ಲೆಕ್ಕ. ಇದನ್ನು ಸಭಾ ಕಾರ್ಯಕ್ರಮಕ್ಕೂ ಅನ್ವಯಿಸಬಾರದೇಕೆ? ಹೂಗುಚ್ಛ ಜೋಡಿಸಲು ಹತ್ತು ನಿಮಿಷ, ಮಾತಿಗೆ ಮೂವತ್ತು. ಮೀರಿದರೆ ಸ್ಮರಣಿಕೆ ವಾಪಸ್. ಕೊನೆಯಲ್ಲಿ ರಂಗ ಖಾಲಿ, ಸೋಫಾ ಸಮೇತ.

ಆಗುವುದಿಲ್ಲ ಬಿಡಿ. ನಾಟಕ ಹೇಗೋ ಮುಗಿದ ಮೇಲೆ ಫೈಲಿನ ಫೋಟೋಕ್ಕೆ ಎಲ್ಲರೂ ಬ್ಯಾನರಿನ ಕೆಳಗೆ ಸಾಲುಗಟ್ಟುತ್ತಾರೆ. ಶಾಲು ಹೊದ್ದವರಿದ್ದಾರೆ, ಮೂಲೆಯಲ್ಲಿ ಅಕ್ಷಾಂಶ ರೇಖಾಂಶ ಸ್ಪಷ್ಟವಾಗಿದೆ. ಬಣ್ಣ ಹಚ್ಚಿದವರು ಒಬ್ಬರೂ ಇಲ್ಲ, ಎಂಟೂವರೆಯ ಕೊನೇ ಬಸ್ಸಿಗೆ ಓಡಿದ್ದಾರೆ. ಸ್ಪಿರಿಟ್ ಗಮ್ಮಿನಲ್ಲಿ ಅಂಟಿಸಿದ ಗಡ್ಡ ನೀರಿಗೆ ಬಿಡುವುದಿಲ್ಲ. ಸ್ಪಿರಿಟ್ಟೇ ಬೇಕು, ಇಲ್ಲವೇ ಕೊಬ್ಬರಿ ಎಣ್ಣೆ ಹಚ್ಚಿ ನಿಧಾನಕ್ಕೆ ಎಬ್ಬಿಸಬೇಕು. ಎರಡಕ್ಕೂ ಪುರುಸೊತ್ತಿಲ್ಲದೆ, ಭೀಷ್ಮನ ಪಾತ್ರದ ಹುಡುಗಿ ಅರ್ಧ ಬಿಳಿ ಗಡ್ಡದಲ್ಲೇ ಸೀಟು ಹಿಡಿದು ಕೂತಿದ್ದಾಳೆ. ಕಂಡಕ್ಟರ್ ಒಂದು ಕ್ಷಣ ನೋಡಿ, ‘ಅಜ್ಜಾ, ಆಧಾರ್ ಕಾರ್ಡ್ ಇದ್ಯಾ?’ ಎಂದರಂತೆ.